ಹಲ್ಲಿಗೆ ಸಿಗದ ಕಲ್ಲು

ಪುರಸೈವಾಕ್ಕಂ ಹೈರೋಡಿನ ಸೀರೆ ಅಂಗಡಿಗಳು ಬಾಗಿಲು ತೆಗೆಯಲು ಇನ್ನೂ ಬಹಳ ಹೊತ್ತಿದೆ. ಟ್ರಾಮ್ ನಿಂತು ಹತ್ತು ವರ್ಷ ದಾಟಿದ ಈ ರಸ್ತೆಯಲ್ಲಿ ಸದ್ಯ ಓಡಾಡುತ್ತಿರುವುದು ಹಾಲಿನವರ ಸೈಕಲ್ಲುಗಳು ಮಾತ್ರ. ಉಡುಪಿ ಕಡೆಯವರ ಹೋಟೆಲೊಂದರ ಹಿಂಬಾಗಿಲು ಅರ್ಧ ತೆರೆದಿದೆ. ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದೆ. ಗೊತ್ತಿಲ್ಲದವರಿಗೆ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೆ ಅನ್ನಿಸೀತು.

ಅಡುಗೆಮನೆಯ ಮೂಲೆಯಲ್ಲಿ, ನೆಲಕ್ಕೆ ಹೂತ, ಹಿಟ್ಟು ರುಬ್ಬುವ ದೊಡ್ಡ ಕಡೆಯುವ ಕಲ್ಲಿನ ಎರಡೂ ಬದಿಗೆ ಕಾಲು ಚಾಚಿ ಬಾಬು ಕೂತಿದ್ದಾರೆ. ಮೂಗು ಬಾಯಿಗೆ ಬೈರಾಸು ಸುತ್ತಿದೆ. ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಹೇಳುವುದು ಕಷ್ಟ. ಎಡಗೈಯಲ್ಲಿ ಚೂಪು ಉಳಿ, ಬಲಗೈಯಲ್ಲಿ ಪುಟ್ಟ ಸುತ್ತಿಗೆ. ಗುಳಿಯ ನಡುವಿನಿಂದ ಹೊರಟು ಸುತ್ತು ಸುತ್ತಾಗಿ ಮೇಲಕ್ಕೆ ಬರುತ್ತಾ ಕಲ್ಲಿನ ಮೈ ತುಂಬ ಸಾಸಿವೆ ಕಾಳಿನಷ್ಟು ಗುರುತು ಹಾಕುತ್ತಾರೆ. ಅಕ್ಕಿ, ಉದ್ದು, ತೆಂಗಿನಕಾಯಿ ಸುತ್ತಿ ಸುತ್ತಿ ಕಲ್ಲು ನುಣುಪಾಗಿಬಿಟ್ಟರೆ ಹಿಟ್ಟು ಅರೆಯುವುದಿಲ್ಲ, ಜಾರುತ್ತದೆ. ಆಗ ಬಾಬು ಬಂದು ಅದನ್ನು ಮತ್ತೆ ಒರಟು ಮಾಡಬೇಕು. ಗುರುತು ಆಳವಾದರೆ ಹಿಟ್ಟು ಅದರೊಳಗೆ ಕೂತು ಹುಳಿಯುತ್ತದೆ. ಮೇಲಮೇಲೆ ಹೊಡೆದರೆ ತಿಂಗಳು ಬಾಳಿಕೆ ಬರುವುದಿಲ್ಲ. ಆಳ ಎಷ್ಟೆಂದು ಬಾಬು ನೋಡುವುದಿಲ್ಲ, ಸದ್ದು ಕೇಳುತ್ತಾರೆ.

ಕೆಲಸ ಮುಗಿದ ಕೂಡಲೇ ಎದ್ದು ಹೊಸ್ತಿಲ ಆಚೆ ಹೋಗಿ ನಿಲ್ಲುತ್ತಾರೆ. ಇನ್ನು ಮುಂದಿನದು ಹಿಟ್ಟು ಕಡೆಯುವ ಕಿಟ್ಟಣ್ಣನದ್ದು. ಕಿಟ್ಟಣ್ಣ ಕೊಡದ ಮೇಲೆ ಕೊಡ ನೀರು ಸುರಿದು ಕಲ್ಲು ತೊಳೆಯುತ್ತಾನೆ. ಕೊನೆಗೆ ಒಂದು ಚೊಂಬು ಅರಿಸಿನ ನೀರು. ಆಮೇಲೆ ಉಪ್ಪು ಬೆರೆಸಿದ ತೌಡು ಹಾಕಿ ತಿರುಗಿಸಿ ಚೆಲ್ಲುತ್ತಾನೆ. ಆಮೇಲೆ ಒಂದು ಹಿಡಿ ನೆನೆದ ಅಕ್ಕಿ. ಅರೆದ ಅಕ್ಕಿಯನ್ನು ಬೆರಳ ಸಂದಿಯಲ್ಲಿ ತಿಕ್ಕಿ, ಚೂರು ನಾಲಿಗೆಗೆ ಇಟ್ಟು, ಹಲ್ಲಿನಲ್ಲಿ ಮೆಲ್ಲಗೆ ಕಡಿದು ನೋಡುತ್ತಾನೆ. ಹೊಸ್ತಿಲಾಚೆ ಬಾಬು ಕಾಯುತ್ತಾರೆ.

"ಇಲ್ಲ," ಎನ್ನುತ್ತಾನೆ ಕಿಟ್ಟಣ್ಣ.

ಕಲ್ಲಿನ ಪುಡಿ ಹಲ್ಲಿಗೆ ಸಿಗಲಿಲ್ಲ ಎಂದರ್ಥ. ಬಾಬು ಬೈರಾಸು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಅರೆದ ಅಕ್ಕಿ ನೋಡುವ ಈ ಪರೀಕ್ಷೆ ಉಳಿ ಹೊಡೆದವನೇ ಮಾಡಬೇಕಾದದ್ದು, ಕಸುಬಿನ ನಿಯಮ ಹಾಗೆ. ಆದರೆ ಬಾಬು ಕ್ರಿಸ್ತನ ಸಭೆಯವರು. ಅಡುಗೆಮನೆಯ ಕಲ್ಲಿನಿಂದ ಎತ್ತಿ ಬಾಯಿಗಿಟ್ಟುಕೊಳ್ಳುವುದು ಇಲ್ಲಿ ನಡೆಯುವುದಿಲ್ಲ. ಇದನ್ನು ಯಾರೂ ಅವರಿಗೆ ಬಾಯಿಬಿಟ್ಟು ಹೇಳಿಲ್ಲ, ಅವರೂ ಕೇಳಿಲ್ಲ. ಅರಿಸಿನ ನೀರಿನ ವಿಷಯ ಎತ್ತಿದರೆ ಇಷ್ಟೇ ಹೇಳುತ್ತಾರೆ: "ಧೂಳು ಹೋಗ್ಲಿಕ್ಕೆ ಹೇಗೂ ತೊಳೀಲೇಬೇಕಲ್ಲ. ಅವರು ಎಂತದು ಹೋಗ್ಲಿಕ್ಕೆ ತೊಳಿತಾರೆ ಅಂತ ನಾನು ಕೇಳ್ಲಿಕ್ಕೆ ಹೋಗುದಿಲ್ಲ."

ಇವತ್ತು ಶನಿವಾರ. ಕಿಟ್ಟಣ್ಣ ಹಿತ್ತಾಳೆ ಲೋಟದಲ್ಲಿ ಕಾಫಿ ತಂದು ಹೊಸ್ತಿಲ ಮೇಲಿಡುತ್ತಾನೆ.

"ನಾಳೆ ಅಲ್ವಾ ಬಾಬಣ್ಣ, ನಿಮ್ಮ ಹಬ್ಬ? ಕಡೆಗೂ ಎಂತ ಕೊಡುದು ಅಂತ ಆಯ್ತು?"

"ಎಂತ ಆಗ್ಲಿಲ್ಲ."

"ಈ ಸಲವೂ ಕುಂಬಳಕಾಯಿಯಾ?"

ಬಾಬು ನಗುತ್ತಾರೆ. ನಗು ಕಾಫಿ ಲೋಟದ ಆಚೆ ದಾಟುವುದಿಲ್ಲ.

ಕುಂಬಳಕಾಯಿಯ ಕತೆ ಕಳೆದ ವರ್ಷದ್ದು. ಮಂಗಳೂರು ಕಡೆಯಿಂದ ಬಂದು ಮದರಾಸಿನಲ್ಲಿ ನೆಲೆಸಿದ ಕ್ರೈಸ್ತರದೊಂದು ಸಣ್ಣ ಕನ್ನಡ ಸಭೆಯಿದೆ. ಸ್ವಂತ ದೇವಾಲಯವಿಲ್ಲ. ತಮಿಳು ಸಭೆಯವರ ದೇವಾಲಯದಲ್ಲಿ ಅವರ ಆರಾಧನೆ ಮುಗಿದ ಮೇಲೆ ಇವರು ಸೇರುತ್ತಾರೆ. ವರ್ಷಕ್ಕೊಮ್ಮೆ ಬೆಳೆ ಹಬ್ಬ. ಊರಿನಲ್ಲಿ ಹೊಲದ ಮೊದಲ ತೆನೆ, ತೋಟದ ಮೊದಲ ಕಾಯಿ ದೇವರ ಮುಂದಿಡುತ್ತಿದ್ದವರ ಮಕ್ಕಳು ಇಲ್ಲಿ ರೈಲ್ವೆಯಲ್ಲಿ, ಬ್ಯಾಂಕಿನಲ್ಲಿ, ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಹೊಲವೆಲ್ಲಿಂದ ಬರಬೇಕು? ಸಂತೆಯಿಂದ ಬಾಳೆಗೊನೆ, ಕುಂಬಳಕಾಯಿ ಕೊಂಡು ತಂದು ಮೇಜಿನ ಮೇಲಿಡುತ್ತಾರೆ. ಆರಾಧನೆಯಾದ ಮೇಲೆ ಏಲಂ, ಏಲಮಿನ ನಂತರ ಎಲ್ಲರಿಗೂ ಒಟ್ಟಿಗೆ ಊಟ. ಏಲಂ ಕೂಗುವವರು ಸಭೆಯ ಹಿರಿಯರಾದ ಭೋಜರಾಜ. ನುಂಗಂಬಾಕ್ಕಂನ ವಿಮಾ ಕಚೇರಿಯ ಹೆಡ್ ಗುಮಾಸ್ತರು. ಕಳೆದ ವರ್ಷ ಬಾಬು ತಂದ ಕಾಯಿಯನ್ನು ಎತ್ತಿ ಹಿಡಿದು ಅವರು ಕೂಗಿದರು: "ಬಾಬು ಅವರ ಕೈಕಸುಬಿನ ಫಲ! ನೋಡಿ, ಎಷ್ಟು ನುಣುಪು! ಕುಂಬಳಕಾಯಿಗೂ ಉಳಿ ಹೊಡೆದ್ರಾ ಬಾಬು?"

ಎಲ್ಲರೂ ನಕ್ಕರು. ಬಾಬು ಕೂಡ ನಕ್ಕರು. ಆದರೆ ಮನೆಗೆ ಬಂದ ಮೇಲೆ ಅವರು ಅಂದು ಮಾತಾಡಲಿಲ್ಲ ಎಂದು ಅವರ ಹೆಂಡತಿ ರತ್ನಾವತಿ ನೆನಪಿಸಿಕೊಳ್ಳುತ್ತಾರೆ. "ಮೊದಲೂ ಅಷ್ಟೇನು ಮಾತಾಡುವವರಲ್ಲ. ಆ ದಿನ ಸುಮ್ಮನಿದ್ದದ್ದು ಬೇರೆ ತರ."

ಈ ವರ್ಷ ಸಭಾಪಾಲಕರು ಒಂದು ಹೊಸ ಮಾತು ಹೇಳಿದ್ದಾರೆ. ಸಂತೆಯಿಂದ ಕೊಂಡದ್ದು ಬೇಡ. ಅವರವರ ಕೆಲಸದಿಂದ ಹುಟ್ಟಿದ್ದನ್ನೇ ತನ್ನಿ, ಕ್ರಿಸ್ತಸ್ವಾಮಿಯೂ ಕೈಕೆಲಸದವರ ಮನೆಯಲ್ಲೇ ಬೆಳೆದವರು ಎಂದು. ಅಂದಿನಿಂದ ಸಭೆಯಲ್ಲಿ ಗಡಿಬಿಡಿ. ಹೊಲಿಗೆಯವರು ಲಂಗ ಹೊಲಿಯುತ್ತಿದ್ದಾರೆ. ಪೆರಂಬೂರಿನ ರೈಲ್ವೆ ಕಾರ್ಖಾನೆಯ ಒಬ್ಬರು ಕಬ್ಬಿಣದ ಸೌಟು ಬಡಿಯುತ್ತಿದ್ದಾರೆ. ಭೋಜರಾಜರಿಗೂ ಚಿಂತೆ ಬಿಟ್ಟಿಲ್ಲ: "ನಾನೇನು ತರಲಿ, ಪಾಲಿಸಿಯಾ?" ಎಂದು ಕೇಳಿ, ಕೊನೆಗೆ ತಾರಸಿಯ ಕುಂಡದಲ್ಲಿ ತಾವೇ ಬೆಳೆಸಿದ ಬದನೆಗೆ ಗಂಟುಬಿದ್ದಿದ್ದಾರೆ.

ಬಾಬುವಿನ ಕೆಲಸದಿಂದ ಹುಟ್ಟುವುದು ಧೂಳು.

ಬಾಬುವಿನ ಅಜ್ಜ ಸಭೆಗೆ ಸೇರಿದಾಗ ಊರಿನವರು ಅವರನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರಂತೆ. ಮಿಷನಿನವರ ಹಂಚಿನ ಕಾರ್ಖಾನೆ ಅವರಿಗೆ ಅನ್ನ ಕೊಟ್ಟಿತು. ಆ ಮನೆಯಲ್ಲಿ ನಂಬಿಕೆ ಮತ್ತು ಕೆಲಸ ಒಂದೇ ಬಾಗಿಲಿನಿಂದ ಒಳಗೆ ಬಂದವು. ತಂದೆಯೂ ಹಂಚಿನ ಕಾರ್ಖಾನೆಯಲ್ಲೇ ದುಡಿದರು. ಅವರ ಕಟ್ಟುನಿಟ್ಟು ದೊಡ್ಡದು: ಬೆಳಿಗ್ಗೆ ಪ್ರಾರ್ಥನೆಯಿಲ್ಲದೆ ಮನೆ ಬಿಡಬಾರದು, ಭಾನುವಾರ ಹತಾರು ಮುಟ್ಟಬಾರದು. ಅಂದು ತಾಯಿ ಕಿತ್ತುಹೋದ ಗುಂಡಿ ಹೊಲಿಯಲೂ ಸೂಜಿ ಹಿಡಿಯುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ಬಾಬು ಮದರಾಸಿಗೆ ಬಂದದ್ದು ಹಂಚಿನ ಡಿಪೋದ ಕೆಲಸಕ್ಕೆ. ಹೊಸ ಮನೆಗಳಿಗೆಲ್ಲ ತಾರಸಿ ಬರತೊಡಗಿ ಡಿಪೋ ಮುಚ್ಚಿತು. ಊರಿಗೆ ಮರಳಲು ಮುಖವಿಲ್ಲದೆ ಅಲೆಯುತ್ತಿದ್ದಾಗ ಪಲ್ಲಾವರದ ಕಲ್ಲು ಕೆಲಸದ ಒಬ್ಬ ಮುದುಕ ಕೈಗೆ ಉಳಿ ಕೊಟ್ಟ. "ಪೆರಿಯವರು ಒಂದೇ ಮಾತು ಹೇಳಿದ್ದು," ಎನ್ನುತ್ತಾರೆ ಬಾಬು. "ತಿನ್ನುವವನಿಗೆ ನಿನ್ನ ನೆನಪು ಬಂದ್ರೆ ನೀನು ಕೆಲಸ ಕೆಡಿಸಿದಿ ಅಂತ ಲೆಕ್ಕ."

ಬೆಳಗಿನ ಜಾವ ಹೋಟೆಲುಗಳ ಕಲ್ಲು, ದಿನಕ್ಕೆ ಒಂದೋ ಎರಡೋ. ಬಿಸಿಲೇರಿದ ಮೇಲೆ ನುಂಗಂಬಾಕ್ಕಂನ ಹಳೆಯ ಬೀದಿಗಳಲ್ಲಿ "ಅಮ್ಮಿ ಕೊತ್ತಲಿಯೋ..." ಎಂದು ಕೂಗುತ್ತಾ ಮನೆಗಳ ಅರೆಯುವ ಕಲ್ಲಿಗೆ ಗಿರಾಕಿ ಹುಡುಕುತ್ತಾರೆ. ಸಿಡಿದ ಚಕ್ಕೆಯೊಂದು ಹೊಕ್ಕು ಎಡಗಣ್ಣು ಮಂಜಾಗಿದೆ. ಮಳೆಗಾಲದಲ್ಲಿ ಕೆಮ್ಮು. ಮಾರ್ಗಳಿ ತಿಂಗಳ ಚಳಿಗೆ ಬೆರಳು ಮಡಚುವುದಿಲ್ಲ. ದೊಡ್ಡ ಹೋಟೆಲುಗಳಿಗೆ ಕರೆಂಟಿನ ಕಲ್ಲು ಬಂದಾಗ ಇನ್ನು ಮುಗಿಯಿತು ಎಂದುಕೊಂಡಿದ್ದರಂತೆ. "ಆದ್ರೆ ಮೋಟಾರು ಇನ್ನೂ ಬೇಗ ಸವೆಸ್ತದೆ ಮಾರಾಯ್ರೆ. ನಾನು ಹೆದರಿದ್ದು ದಂಡ."

ಪ್ರಾರ್ಥನೆ ತಪ್ಪಿಸಿದವರಲ್ಲ. ಹೋಟೆಲಿನ ಹಿಂಬಾಗಿಲಲ್ಲಿ ಉಳಿ ತೆಗೆಯುವ ಮೊದಲು ತುಸು ಹೊತ್ತು ತಲೆ ತಗ್ಗಿಸಿ ನಿಲ್ಲುತ್ತಾರೆ. ಏನು ಬೇಡುತ್ತೀರಿ ಎಂದರೆ, "ಒಂದು ಚಕ್ಕೆಯೂ ಒಳಗೆ ಉಳೀಬಾರದು ಅಂತ," ಎನ್ನುತ್ತಾರೆ. "ಬೇರೆ ಎಂತದು ಬೇಡುದು? ಅವರ ಊಟ, ನನ್ನ ಕೈ."

ಆದರೂ ಈ ಕೆಲಸವನ್ನು ಅವರು ದೇವಾಲಯದ ಗೇಟಿನ ಒಳಗೆ ತಂದವರಲ್ಲ. ಶನಿವಾರ ಸಂಜೆ ಹತಾರಿನ ಗೋಣಿಚೀಲ ಮನೆಯ ಮೂಲೆ ಸೇರಿದರೆ ಅದರ ಬಾಯಿ ಬಿಚ್ಚುವುದು ಸೋಮವಾರ. ಭಾನುವಾರದ ಬಾಬು ಬೇರೆ; ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊನೆಯ ಬೆಂಚು.

ಹಬ್ಬಕ್ಕೆ ಏನಾದರೂ ಮಾಡಲೇಬೇಕೆಂದು ಈ ವಾರ ಅವರು ಕಲ್ಲಿನ ತುಂಡೊಂದನ್ನು ಹೊತ್ತು ತಂದಿದ್ದರು. ಶುಂಠಿ ಜಜ್ಜುವಷ್ಟು ಪುಟ್ಟ ಒರಳು ಮಾಡುವ ಆಸೆ. ಕಲ್ಲು ಕೆತ್ತಿ ರೂಪ ಕೊಡುವುದು ಬೇರೆಯೇ ಕಸುಬು. ಅವರ ಕೈಗೆ ಗೊತ್ತಿರುವುದು ಇದ್ದ ಕಲ್ಲನ್ನು ಒರಟು ಮಾಡುವುದು. ಗುರುವಾರ ಸಂಜೆ ಒರಳಿನ ಗುಳಿ ಅರ್ಧ ಇಳಿಯುವಷ್ಟರಲ್ಲಿ ಕಲ್ಲು ಸದ್ದಿಲ್ಲದೆ ಎರಡಾಯಿತು. ರತ್ನಾವತಿ ಎರಡೂ ತುಂಡುಗಳನ್ನು ಬಚ್ಚಲ ಬಾಗಿಲಿಗೆ ಮೆಟ್ಟಿಲು ಮಾಡಿದರು.

"ನನ್ನ ನೆಲ್ಲಿಕಾಯಿ ಉಪ್ಪಿನಕಾಯಿ ಭರಣಿ ಉಂಟಲ್ಲ. ತೆಗೊಂಡು ಹೋಗಿ."

"ಅದು ನಿನ್ನದು. ನೀನು ಇಡು."

"ಗಂಡ ಹೆಂಡತಿದು ಬೇರೆ ಬೇರೆಯಾ?"

"ಏಲಮಿನಲ್ಲಿ ಬೇರೆ," ಎಂದರು ಬಾಬು.

ಮಗಳು ಸುಗುಣಾ ಪುಸ್ತಕದಿಂದ ತಲೆಯೆತ್ತದೆ ತಮಿಳಿನಲ್ಲಿ, "ಪೂಸಣಿಕ್ಕಾಯೇ ವಾಂಗಿಡಲಾಂಪ್ಪಾ," ಎಂದಳು. ಕುಂಬಳಕಾಯಿಯನ್ನೇ ಕೊಂಡುಬಿಡೋಣ ಎಂದು. ತಾಯಿ ಗದರಿದ ಮೇಲೆ ಪುಟ ಮಗುಚಿದಳು.

ಇವತ್ತು ಹೋಟೆಲಿನ ಹೊಸ್ತಿಲಲ್ಲಿ ಕಿಟ್ಟಣ್ಣನದೂ ಒಂದು ಸಲಹೆ: "ನಾಳೆ ಬೆಳಿಗ್ಗೆ ಒಂದು ತಪಲೆ ಇಡ್ಲಿ ಕಟ್ಟಿ ಕೊಡ್ತೇನೆ ಬಾಬಣ್ಣ. ಧಣಿಗಳಿಗೆ ಹೇಳಿದ್ದೇನೆ, ಹೂಂ ಅಂದಿದ್ದಾರೆ. ನೀವು ಉಳಿ ಹೊಡೆದ ಕಲ್ಲಿನದ್ದೇ ಹಿಟ್ಟು, ಮತ್ತೆಂತ?"

"ಹಿಟ್ಟು ಕಡೆದದ್ದು ನೀನು ಕಿಟ್ಟಣ್ಣ."

"ನಿಮ್ಮ ದೇವರಿಗೆ ಅಷ್ಟು ಲೆಕ್ಕ ಉಂಟಾ?"

"ಅವರಿಗೆ ಇಲ್ಲ. ನನಗುಂಟು."

ಸಂಜೆ ಅಕ್ಕು ಬಾಯಿ ಬರುತ್ತಾರೆ. ಸಭೆಯ ಊಟದ ಉಸ್ತುವಾರಿ ವರ್ಷ ವರ್ಷವೂ ಇವರದೇ. ಎಪ್ಪತ್ತು ಸಮೀಪಿಸಿದರೂ ದನಿ ಕುಗ್ಗಿಲ್ಲ. ಮಸಾಲೆ ಕಡೆಯಲು ರತ್ನಾವತಿಯನ್ನು ಕರೆಯಲು ಬಂದವರು ಬಾಗಿಲಲ್ಲೇ ಗೋಳು ತೋಡಿಕೊಳ್ಳುತ್ತಾರೆ.

"ಬೆಳಿಗ್ಗೆ ಕತ್ತಲಿರುವಾಗ್ಲೇ ಬಾ ಮಗಾ. ಆ ತಮಿಳು ಸಭೆಯವರ ಕಲ್ಲು ಗೊತ್ತುಂಟಲ್ಲ, ಅದು ಕಲ್ಲಲ್ಲ, ನಮ್ಮ ಭೋಜರಾಜನ ಬೋಳು ತಲೆ. ತೆಂಗಿನಕಾಯಿ ಹಾಕಿದ್ರೆ ಸುತ್ತು ಬರ್ತದೆ, ಅರೆಯುದಿಲ್ಲ. ಹೋದ ವರ್ಷ ಸಾರಿನಲ್ಲಿ ಕಾಯಿ ತರಿತರಿ ಸಿಕ್ಕಿದ್ದು ಯಾರ ದೋಷ? ಎಲ್ಲ ನನ್ನ ತಲೆಗೆ."

ಒಳಗೆ ಗಂಜಿ ಉಣ್ಣುತ್ತಿದ್ದ ಬಾಬುವಿನ ಕೈ ನಿಲ್ಲುತ್ತದೆ. ಕಳೆದ ವರ್ಷ ಅವರೂ ಆ ಸಾರು ಉಂಡಿದ್ದರು. ತರಿ ಅವರ ಹಲ್ಲಿಗೂ ಸಿಕ್ಕಿತ್ತು. ಅದರ ಹಿಂದಿನ ವರ್ಷವೂ. ಅವರಿಗೆ ಕಲ್ಲಿನ ನೆನಪು ಬರಲೇ ಇಲ್ಲ. ಭಾನುವಾರದ ಬಾಬುವಿಗೆ ಶನಿವಾರದವನ ಪರಿಚಯವಿರಲಿಲ್ಲ.

"ಕಲ್ಲು ಈಗೆಲ್ಲುಂಟು?" ಎಂದು ಒಳಗಿನಿಂದಲೇ ಕೇಳುತ್ತಾರೆ.

"ಉಗ್ರಾಣದಲ್ಲಿ. ಬೀಗದ ಕೈ ಕೊಡುದು ನಾಳೆ ಬೆಳಿಗ್ಗೆಯೇ."

ಅಕ್ಕು ಬಾಯಿ ಹೋದ ಮೇಲೆ ಬಾಬು ಮೂಲೆಯ ಗೋಣಿಚೀಲವನ್ನು ನೋಡುತ್ತಾ ಬಹಳ ಹೊತ್ತು ಕೂತಿರುತ್ತಾರೆ. ಉಗ್ರಾಣ ತೆರೆಯುವುದು ಭಾನುವಾರ. ಭಾನುವಾರ ಹತಾರು ಮುಟ್ಟಬಾರದು. ತಂದೆ ತೀರಿಕೊಂಡು ಎಷ್ಟೋ ವರ್ಷವಾದರೂ ಈ ಒಂದು ಮಾತನ್ನು ಬಾಬು ಮೀರಿದವರಲ್ಲ. ಹೋಟೆಲಿನವರು ಎರಡು ಪಾಲು ಕೂಲಿಗೆ ಕರೆದಾಗಲೂ ಹೋಗಲಿಲ್ಲ.

ರತ್ನಾವತಿ ಚಾಪೆ ಹಾಸುತ್ತಾ ಅವರ ಕಡೆ ನೋಡದೆ ಹೇಳುತ್ತಾರೆ: "ಬೈರಾಸು ಒಗೆದು ಹಾಕಿದ್ದೇನೆ. ಬೆಳಿಗ್ಗೆಗೆ ಒಣಗ್ತದೆ."

ಭಾನುವಾರ. ದೇವಾಲಯದ ಹಿತ್ತಿಲಲ್ಲಿ ಬೇವಿನ ಮರದಡಿ ಒಂದು ಲಾಟೀನು. ಉಗ್ರಾಣದಿಂದ ಉರುಳಿಸಿ ತಂದ ಕಲ್ಲಿನ ಸುತ್ತ ಕಾಲು ಚಾಚಿ ಬಾಬು ಕೂತಿದ್ದಾರೆ. ಬಿಳಿ ಅಂಗಿಯನ್ನು ಬಿಚ್ಚಿ ಮರದ ಕೊಂಬೆಗೆ ತೂಗಿಹಾಕಿದ್ದಾರೆ. ಅಂಗೈಯಿಂದ ಗುಳಿಯ ಒಳಮೈ ಸವರುತ್ತಾರೆ. ಅಕ್ಕು ಬಾಯಿ ಹೇಳಿದ್ದು ಸುಳ್ಳಲ್ಲ. ತಲೆ ತಗ್ಗಿಸುತ್ತಾರೆ, ಎಂದಿಗಿಂತ ತುಸು ಹೆಚ್ಚು ಹೊತ್ತು. ಆಮೇಲೆ ಮೊದಲ ಪೆಟ್ಟು.

ಮೇಜು ಜೋಡಿಸಲು ಬೇಗ ಬಂದ ಭೋಜರಾಜ ಸದ್ದು ಕೇಳಿ ಹಿತ್ತಿಲಿಗೆ ಬರುತ್ತಾರೆ.

"ಇದೇನು ಬಾಬು! ಭಾನುವಾರ ಉಳಿ ಹಿಡಿದಿದ್ದೀರಿ? ಅದೂ ದೇವಾಲಯದ ಕಾಂಪೌಂಡಿನಲ್ಲಿ? ನಿಮ್ಮ ತಂದೆಯವರು ಇದ್ದಿದ್ದರೆ..."

ಉಳಿ ನಿಲ್ಲುತ್ತದೆ. ಬಾಬು ತಲೆಯೆತ್ತುವುದಿಲ್ಲ. ಅವರ ಮನಸ್ಸಿನಲ್ಲಿ ರಾತ್ರಿಯಿಡೀ ಇದ್ದ ಮಾತನ್ನೇ ಭೋಜರಾಜ ಗಟ್ಟಿಯಾಗಿ ಆಡಿದ್ದಾರೆ.

ಕಾಯಿ ತುರಿಯುತ್ತಿದ್ದ ಅಕ್ಕು ಬಾಯಿ ತುರಿಮಣೆಯಿಂದ ಏಳುವುದಿಲ್ಲ. "ಭೋಜರಾಜಾ, ಭಾನುವಾರ ನಾನು ಕಾಯಿ ತುರಿಬಹುದು. ಇವಳು ಮಸಾಲೆ ಕಡಿಬಹುದು. ನೀನು ಬೆಂಚು ಹೊರಬಹುದು, ಬೊಬ್ಬೆ ಹಾಕಿ ಏಲಂ ಕೂಗಬಹುದು. ಅವನೊಬ್ಬ ಕುಟ್ಟಿದ್ರೆ ಮಾತ್ರ ದೇವರಿಗೆ ಕಿವಿ ನೋವಾಗ್ತದಾ?"

ರತ್ನಾವತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಭೋಜರಾಜ ಕಲ್ಲನ್ನು ನೋಡುತ್ತಾರೆ, ಕೊಂಬೆಯಲ್ಲಿ ತೂಗುತ್ತಿರುವ ಅಂಗಿಯನ್ನು ನೋಡುತ್ತಾರೆ. ಕೊನೆಗೆ ಲಾಟೀನನ್ನು ಎತ್ತಿ ಬಾಬುವಿನ ಬಲಗಣ್ಣಿನ ಕಡೆಗೆ ಸರಿಸಿ ಇಡುತ್ತಾರೆ.

"ತಮಿಳರ ಆರಾಧನೆ ಸುರುವಾಗುವ ಮೊದಲು ಮುಗಿಸಿ," ಎಂದು ಹೇಳಿ ಹೋಗುತ್ತಾರೆ.

ಬೇವಿನ ಎಲೆಗಳ ನಡುವೆ ಬೆಳಕು ಬರುವ ಹೊತ್ತಿಗೆ ಕಲ್ಲು ಮುಗಿದಿದೆ. ಅಭ್ಯಾಸದಂತೆ ಬಾಬು ಎದ್ದು ದೂರ ಹೋಗಿ ನಿಲ್ಲುತ್ತಾರೆ. ಇಲ್ಲಿ ಹೊಸ್ತಿಲಿಲ್ಲ, ಆದರೂ ಕಾಲು ತಾನಾಗಿ ಅಷ್ಟು ದೂರ ಹೋಗಿದೆ. ರತ್ನಾವತಿ ನೀರು ಸುರಿದು ತೊಳೆಯುತ್ತಾರೆ, ತೌಡು ತಿರುಗಿಸಿ ಚೆಲ್ಲುತ್ತಾರೆ, ಹಿಡಿ ಅಕ್ಕಿ ಹಾಕಿ ಕಡೆಯುತ್ತಾರೆ. ಅಕ್ಕು ಬಾಯಿ ಕತ್ತು ಚಾಚಿ ನೋಡಿ ಬಾಬುವನ್ನು ಕರೆಯುತ್ತಾರೆ.

"ಅಲ್ಲಿ ಎಂತಕ್ಕೆ ನಿಂತದ್ದು, ನೆಂಟರ ಹಾಗೆ? ಬಂದು ನೋಡು."

"ನೀವೇ ನೋಡಿ ಅಕ್ಕು ಬಾಯಿ."

"ನನಗೆ ಹಲ್ಲೆಲ್ಲುಂಟು? ಬಾ!"

ಬಾಬು ಬಂದು ಕುಕ್ಕರುಗಾಲಲ್ಲಿ ಕೂರುತ್ತಾರೆ. ಕಲ್ಲಿನ ಅಂಚಿನಿಂದ ಅರೆದ ಅಕ್ಕಿಯನ್ನು ತುಸು ಎತ್ತಿ ಬೆರಳ ಸಂದಿಯಲ್ಲಿ ತಿಕ್ಕುತ್ತಾರೆ. ಆಮೇಲೆ ನಾಲಿಗೆಗೆ ಇಟ್ಟುಕೊಳ್ಳುತ್ತಾರೆ. ಕಣ್ಣು ಮುಚ್ಚಿ ಹಲ್ಲಿನಲ್ಲಿ ಮೆಲ್ಲಗೆ ಕಡಿಯುತ್ತಾರೆ. ಇಷ್ಟು ವರ್ಷ ಎಷ್ಟೋ ಅಡುಗೆಮನೆಗಳ ಕಲ್ಲಿಗೆ ಉಳಿ ಹೊಡೆದವರು ತಮ್ಮ ಕಲ್ಲಿನ ಮೊದಲ ಹಿಟ್ಟಿನ ರುಚಿ ನೋಡುತ್ತಿರುವುದು ಇದೇ ಮೊದಲು. ಹಸಿ ಅಕ್ಕಿಯ ಸಪ್ಪೆ, ಅದರಾಚೆ ಸಣ್ಣ ಸಿಹಿ.

"ಇಲ್ಲ," ಎನ್ನುತ್ತಾರೆ. ದನಿ ಅವರದೇ ಆಗಿದ್ದರೂ ಅವರಿಗೇ ಹೊಸದಾಗಿ ಕೇಳಿಸಿದಂತಿದೆ.

ಆರಾಧನೆಯ ನಂತರ ಏಲಂ. ಲಂಗ ಹೋಗುತ್ತದೆ, ಸೌಟು ಹೋಗುತ್ತದೆ, ರತ್ನಾವತಿಯ ಭರಣಿ ಹೋಗುತ್ತದೆ. ಭೋಜರಾಜರ ಬದನೆಕಾಯಿಗಳನ್ನು ಅವರೇ ಕೂಗಿ, ಬೇರೆ ಯಾರೂ ಕೇಳದೆ ಅವರೇ ಕೊಳ್ಳುತ್ತಾರೆ. ಸಾಲಿನ ಕೊನೆಗೆ ಬರುತ್ತಾರೆ.

"ಬಾಬು, ನಿಮ್ಮದು?"

ಕಳೆದ ವರ್ಷದ ನಗುವಿನ ನೆನಪಿರುವವರು ತಿರುಗಿ ನೋಡುತ್ತಾರೆ. ಬಾಬು ಕೊನೆಯ ಬೆಂಚಿನಿಂದ ಏಳುತ್ತಾರೆ. ಅಂಗಿ ಬೆಳ್ಳಗಿದೆ, ಹುಬ್ಬಿನಲ್ಲಿ ಮಾತ್ರ ಕಲ್ಲಿನ ಧೂಳು.

"ನನ್ನದು ಹಿತ್ತಿಲಲ್ಲಿ ಉಂಟು. ಎತ್ತಿಕೊಂಡು ಬರ್ಲಿಕ್ಕೆ ಆಗುದಿಲ್ಲ."

ಭೋಜರಾಜ ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಹಿಂಬಾಗಿಲಿನಿಂದ ಅಕ್ಕು ಬಾಯಿಯ ದನಿ: "ಏಲಂ ಗೀಲಂ ಹಾಕ್ಬೇಡ ಮಾರಾಯಾ, ಅದು ತಮಿಳರ ಕಲ್ಲು!"

ದೇವಾಲಯ ನಗುತ್ತದೆ. ಬಾಬು ಕೂತುಕೊಳ್ಳುತ್ತಾರೆ. ಈ ಸಲದ ನಗು ಅವರ ಕಣ್ಣಿನವರೆಗೆ ಬಂದಿದೆ.

ಊಟಕ್ಕೆ ಹಿತ್ತಿಲಲ್ಲಿ ಎಲೆ ಹಾಕುತ್ತಾರೆ. ಅನ್ನ, ಕೋಳಿ ಸಾರು, ಎಲೆಕೋಸಿನ ಪಲ್ಯ. ಜನ ಮಾತಾಡುವುದು ವರ್ಗಾವಣೆಯ ಬಗ್ಗೆ, ಮಕ್ಕಳ ಪರೀಕ್ಷೆಯ ಬಗ್ಗೆ, ಊರಿನಿಂದ ಬಂದ ಕಾಗದದ ಬಗ್ಗೆ. ಸಾರಿನ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಬಾಬು ನಿಧಾನವಾಗಿ ಉಣ್ಣುತ್ತಾರೆ. ತಮ್ಮ ಎಲೆಗಿಂತ ಅಕ್ಕಪಕ್ಕದವರ ದವಡೆಗಳ ಮೇಲೆ ಅವರ ಗಮನ. ಯಾವ ದವಡೆಯೂ ನಡುವೆ ನಿಲ್ಲುವುದಿಲ್ಲ. ಯಾರೂ ಬೆರಳು ಬಾಯಿಗೆ ಹಾಕಿ ಏನನ್ನೂ ತೆಗೆಯುವುದಿಲ್ಲ. ಭೋಜರಾಜ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾರೆ, ಏಕೆಂದು ಯೋಚಿಸದೆ.

ಸೋಮವಾರದ ಬೆಳಗು ಮತ್ತೆ ಪುರಸೈವಾಕ್ಕಂನಲ್ಲಿ. ಹೋಟೆಲಿನ ಇನ್ನೊಂದು ಕಲ್ಲಿಗೆ ಉಳಿ ಹೊಡೆದು ಮುಗಿಸಿ ಬಾಬು ಹೊಸ್ತಿಲಾಚೆ ನಿಂತಿದ್ದಾರೆ. ಕಿಟ್ಟಣ್ಣ ಎಂದಿನಂತೆ ಕೊಡದ ಮೇಲೆ ಕೊಡ ನೀರು ಸುರಿಯುತ್ತಾನೆ. ಅರಿಸಿನ ನೀರು ಕಲ್ಲಿನ ಮೇಲೆ ಹರಿದು ಮೋರಿ ಸೇರುತ್ತದೆ.

"ಕಡೆಗೆ ಹಬ್ಬಕ್ಕೆ ಎಂತ ಕೊಟ್ರಿ ಬಾಬಣ್ಣ? ಹೇಳ್ಲೇ ಇಲ್ಲ."

ಬಾಬು ಬೈರಾಸಿನಿಂದ ಹುಬ್ಬು ಒರೆಸಿಕೊಳ್ಳುತ್ತಾರೆ.

"ಕೊಟ್ಟದ್ದು ಅಂತ ತೋರಿಸ್ಲಿಕ್ಕೆ ಎಂತ ಇಲ್ಲ ಕಿಟ್ಟಣ್ಣ. ಸಭೆಯವರೆಲ್ಲ ಉಂಡ್ರು. ಒಬ್ಬರ ಹಲ್ಲಿಗೂ ಕಲ್ಲು ಸಿಗ್ಲಿಲ್ಲ."